ಟ್ರಿಗ್ನಾಮೆಟ್ರಿ ಈಕ್ವೇಶನ್ ಬಿಡಿಸೋದು ಹೇಗೆ: ಫ್ಯಾಕ್ಟರ್ ಮಾಡಿ, ಸರ್ಕಲ್ ಬರೀರಿ, ಚುಕ್ಕೆ ಎಣಿಸಿ

ಫಸ್ಟ್ ಪಿಯು ಹುಡುಗರ ನೋಟ್ಸ್ ತೆಗೆದು ನೋಡಿ, ಟ್ರಿಗ್ನಾಮೆಟ್ರಿ ಈಕ್ವೇಶನ್ ಬಂದ ಕಡೆ ಆಲ್ಜೀಬ್ರಾ ಎಲ್ಲ ನೀಟಾಗೇ ಇರುತ್ತೆ, ಸೈನ್ ಥೀಟಾ = 1/2 ಅನ್ನೋವರೆಗೂ ಸರಿಯಾಗಿ ಬಂದಿರ್ತಾರೆ, ಅಲ್ಲಿಂದ ಸೀದಾ 30° ಅಂತ ಬರೆದು ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗ್ಬಿಟ್ಟಿರ್ತಾರೆ. 150° ಎಲ್ಲೋ ಅಂದ್ರೆ "ಹಾಂ ಸರ್, ಅದೂ ಬರುತ್ತಲ್ವಾ" ಅಂತಾರೆ. ಬರುತ್ತೆ, ಆದ್ರೆ ಪೇಪರಲ್ಲಿ ಬಂದಿಲ್ವಲ್ಲ. ಇನ್ನೊಂದಷ್ಟು ಜನ ಎರಡೂ ಕಡೆ ಕಾಸ್ ಥೀಟಾ ಇದೆ ಅಂತ ಖುಷಿಯಾಗಿ ಕ್ಯಾನ್ಸಲ್ ಹೊಡೆದು ಅರ್ಧ ಉತ್ತರ ಕಳ್ಕೊಂಡಿರ್ತಾರೆ. ಎರಡಕ್ಕೂ ಫಾರ್ಮುಲಾ ಬಾಯಿಪಾಠ ಮಾಡಿ ಏನೂ ಉಪಯೋಗ ಇಲ್ಲ. ಮೊದಲನೇದಕ್ಕೆ ಒಂದು ಸರ್ಕಲ್ ಬರೀಬೇಕು, ಎರಡನೇದಕ್ಕೆ ಭಾಗಿಸೋ ಬದ್ಲು ಫ್ಯಾಕ್ಟರ್ ಮಾಡ್ಬೇಕು. ಈ ಎರಡನ್ನೂ ಸೇರಿಸಿ ಲೆಕ್ಕ ಮಾಡೋದು ಹೇಗೆ ಅಂತ ಒಂದೊಂದೇ ಸ್ಟೆಪ್ ನೋಡೋಣ.

ಥೀಟಾ ಅಂದ್ರೆ ನಾವು ಹುಡುಕ್ತಿರೋ ಕೋನ. ಬರೆಯೋಕೆ ಸುಲಭ ಆಗ್ಲಿ ಅಂತ ಸೈನ್ ಥೀಟಾಗೆ ಸ, ಕಾಸ್ ಥೀಟಾಗೆ ಕ, ಟ್ಯಾನ್ ಥೀಟಾಗೆ ಟ ಅಂತ ಇಟ್ಕೋತೀನಿ. ಉತ್ತರ ಎಲ್ಲ 0°ಯಿಂದ 360° ಒಳಗೆ, 0° ಸೇರುತ್ತೆ, 360° ಸೇರಲ್ಲ, ಯಾಕಂದ್ರೆ ಎರಡೂ ಒಂದೇ ಜಾಗ.

ಮೊದಲು ಸರ್ಕಲ್

ಯೂನಿಟ್ ಸರ್ಕಲ್ ಅಂದ್ರೆ ರೇಡಿಯಸ್ 1 ಇರೋ ವೃತ್ತ, ಸೆಂಟರ್ ಒರಿಜಿನ್‌ನಲ್ಲಿ. ಇದು ತಲೆಗೆ ಹೋಗ್ತಿಲ್ಲ ಅನ್ನೋರು ನಮ್ಮ ಔಟರ್ ರಿಂಗ್ ರೋಡ್ ನೆನೆಸ್ಕೊಳ್ಳಿ. ಮೆಜೆಸ್ಟಿಕ್ ಸೆಂಟರ್ರು. ಪೂರ್ವಕ್ಕೆ ಮಾರತ್ತಹಳ್ಳಿ, ಅದು 0°. ಅಲ್ಲಿಂದ ಕೆ.ಆರ್. ಪುರ ಕಡೆಯಿಂದ ಮೇಲಕ್ಕೆ ಹೋದ್ರೆ ಉತ್ತರಕ್ಕೆ ಹೆಬ್ಬಾಳ, ಅದು 90°. ಗೊರಗುಂಟೆಪಾಳ್ಯ ದಾಟಿ ಇಳಿದ್ರೆ ಪಶ್ಚಿಮಕ್ಕೆ ಸುಮನಹಳ್ಳಿ, 180°. ಹಾಗೇ ನಾಯಂಡಹಳ್ಳಿ ಮೇಲೆ ಬಂದ್ರೆ ದಕ್ಷಿಣಕ್ಕೆ ಬನಶಂಕರಿ, 270°. ಸಿಲ್ಕ್ ಬೋರ್ಡ್ ಜಾಮ್ ದಾಟೋಕೆ ನಿಮಗೆ ಆಯಸ್ಸಿದ್ರೆ ಮತ್ತೆ ಮಾರತ್ತಹಳ್ಳಿ, 360°. ನಿಜವಾದ ರಿಂಗ್ ರೋಡ್ ಇಷ್ಟು ದುಂಡಗೇನೂ ಇಲ್ಲ, ದಿಕ್ಕೂ ಸುಮಾರು ಲೆಕ್ಕ, ಆದ್ರೆ ನಮಗೆ ಇಷ್ಟು ಸಾಕು.

ಈಗ ರೋಡ್ ಮೇಲೆ ಎಲ್ಲೇ ನಿಂತ್ರೂ ಎರಡೇ ಪ್ರಶ್ನೆ. ಮೆಜೆಸ್ಟಿಕ್‌ಗಿಂತ ಎಷ್ಟು ಉತ್ತರಕ್ಕಿದೀರಿ? ಅದು ಸೈನ್. ಎಷ್ಟು ಪೂರ್ವಕ್ಕಿದೀರಿ? ಅದು ಕಾಸ್. ದಕ್ಷಿಣಕ್ಕೆ ಹೋದ್ರೆ ಸೈನ್ ಮೈನಸ್, ಪಶ್ಚಿಮಕ್ಕೆ ಹೋದ್ರೆ ಕಾಸ್ ಮೈನಸ್. ಯಾವ ಕ್ವಾಡ್ರಂಟಲ್ಲಿ (ಸರ್ಕಲಿನ ಕಾಲು ಭಾಗದಲ್ಲಿ) ಯಾವುದು ಪ್ಲಸ್ಸು ಅಂತ ಬೇರೆ ಬಾಯಿಪಾಠ ಮಾಡೋದೇ ಬೇಡ. ಕೆ.ಆರ್. ಪುರ ಕಡೆ ನೀವು ಎಷ್ಟು ಉತ್ತರಕ್ಕಿದೀರೋ, ಗೊರಗುಂಟೆಪಾಳ್ಯದ ಕಡೇಲೂ ಅಷ್ಟೇ ಉತ್ತರಕ್ಕೆ ಒಂದು ಜಾಗ ಇದ್ದೇ ಇರುತ್ತೆ, ಹಾಗಾಗಿ ಸೈನ್‌ದು ಯಾವುದಾದ್ರೂ ಬೆಲೆ ಕೊಟ್ರೆ ಸಾಮಾನ್ಯವಾಗಿ ಜಾಗ ಎರಡು: ಥೀಟಾ ಮತ್ತೆ 180° − ಥೀಟಾ. ಕಾಸ್ ಬೆಲೆ ಕೊಟ್ರೂ ಜಾಗ ಎರಡು, ಒಂದು ಮೇಲೆ ಒಂದು ಕೆಳಗೆ: ಥೀಟಾ ಮತ್ತೆ 360° − ಥೀಟಾ. ಟ್ಯಾನ್ ಅನ್ನೋದು ಸೈನ್ ಭಾಗಿಸು ಕಾಸ್, ಎರಡಕ್ಕೂ ಮೈನಸ್ ಬಂದ್ರೆ ಭಾಗಿಸಿದಾಗ ಹೋಗ್ಬಿಡುತ್ತೆ, ಅದಕ್ಕೇ ಟ್ಯಾನ್‌ಗೆ ಎದುರುಬದುರು ಎರಡು ಜಾಗ: ಥೀಟಾ ಮತ್ತೆ ಥೀಟಾ + 180°.

ಬೆಲೆಗಳು ನೆನಪಿಲ್ಲ ಅಂದ್ರೆ 0°, 30°, 45°, 60°, 90° ಬರೆದು ಅದರ ಕೆಳಗೆ √0/2, √1/2, √2/2, √3/2, √4/2 ಅಂತ ಬರೀರಿ, ಅದೇ ಸೈನ್. ಉಲ್ಟಾ ಓದಿದ್ರೆ ಕಾಸ್.

ಅಂದಹಾಗೆ ರೇಡಿಯಸ್ 1 ಅನ್ನೋದು ನಮ್ಮ ಅನುಕೂಲಕ್ಕೆ. 499ರ ಆರ್ಯಭಟೀಯದ ಸೈನ್ ಟೇಬಲಲ್ಲಿ ರೇಡಿಯಸ್ಸು 3438. ವೃತ್ತದ ಸುತ್ತಳತೆ 360 × 60 = 21600 ಕಲೆ (ಒಂದು ಡಿಗ್ರೀಲಿ 60 ಕಲೆ) ಅಂತ ಇಟ್ಕೊಂಡು ಅದನ್ನ 2ಪೈಯಿಂದ ಭಾಗಿಸಿ ನೋಡಿ, ಹತ್ತಿರತ್ತಿರ ಅಷ್ಟೇ ಬರುತ್ತೆ. ಆರ್ಯಭಟ ಕೊಟ್ಟಿರೋದು 3.75°ಗೊಂದರಂತೆ ಸೈನ್ ಬೆಲೆಗಳ ನಡುವಿನ ವ್ಯತ್ಯಾಸಗಳು, 225, 224, 222, 219 ಹೀಗೆ. ಮೊದಲ ಎಂಟು ಕೂಡಿಸಿದ್ರೆ 30° ಬೆಲೆ ಸಿಗುತ್ತೆ, 1719, ಅಂದ್ರೆ 3438ರ ಸರಿಯಾಗಿ ಅರ್ಧ. ಅದೇ 1/2.

ಎಲ್ಲಾನೂ ಎಡಕ್ಕೆ ತನ್ನಿ, ಬಲಗಡೆ ಸೊನ್ನೆ ಇರ್ಲಿ

ಫ್ಯಾಕ್ಟರ್ ಮಾಡೋದು ನೀವು ಟೆನ್ತಲ್ಲೇ ಕಲ್ತಿದೀರಿ, ಕ್ವಾಡ್ರಾಟಿಕ್ ಈಕ್ವೇಶನ್‌ನಲ್ಲಿ ಮಿಡಲ್ ಟರ್ಮ್ ಒಡೆಯೋದು. ಇಲ್ಲೂ ಅದೇ, ಎಕ್ಸ್ ಬದ್ಲು ಸೈನ್ ಕೂತಿದೆ ಅಷ್ಟೇ. ಎರಡು ನಂಬರ್ ಗುಣಿಸಿ ಸೊನ್ನೆ ಬಂದ್ರೆ ಎರಡರಲ್ಲಿ ಒಂದಾದ್ರೂ ಸೊನ್ನೆ ಆಗಿರಲೇಬೇಕು, ಇಡೀ ಟೆಕ್ನಿಕ್ ನಿಂತಿರೋದೇ ಈ ಒಂದು ಮಾತಿನ ಮೇಲೆ. ಗುಣಿಸಿ 1 ಬಂದ್ರೆ ಏನೂ ಹೇಳಕ್ಕಾಗಲ್ಲ, 2 × 1/2 ಕೂಡ 1, 5 × 1/5 ಕೂಡ 1. ಅದಕ್ಕೇ ಬಲಗಡೆ ಸೊನ್ನೆ ಬರೋವರೆಗೂ ಫ್ಯಾಕ್ಟರ್ ಶುರು ಮಾಡ್ಬೇಡಿ.

ಒಂದು ಲೆಕ್ಕ ತಗೊಳ್ಳೋಣ.

2ಸ² = ಸ + 1

ಎಡಕ್ಕೆ ತಂದ್ರೆ
2ಸ² − ಸ − 1 = 0

ಗುಣಿಸಿದ್ರೆ −2, ಕೂಡಿಸಿದ್ರೆ −1 ಬರೋ ಜೋಡಿ −2 ಮತ್ತೆ +1.
2ಸ² − 2ಸ + ಸ − 1 = 0
2ಸ(ಸ − 1) + 1(ಸ − 1) = 0
(2ಸ + 1)(ಸ − 1) = 0

ಅಂದ್ರೆ ಸ = −1/2 ಅಥವಾ ಸ = 1. ಇಲ್ಲಿಂದ ಆಲ್ಜೀಬ್ರಾ ಮುಚ್ಚಿಟ್ಟು ಸರ್ಕಲ್ ತೆಗೀರಿ. ಸ = 1 ಅಂದ್ರೆ ತುತ್ತತುದಿ ಹೆಬ್ಬಾಳ, ಅಲ್ಲಿ ಜಾಗ ಒಂದೇ, 90°. ಸ = −1/2 ಅಂದ್ರೆ ಅರ್ಧ ದಕ್ಷಿಣಕ್ಕೆ, ಪಶ್ಚಿಮದಲ್ಲಿ ಒಂದು ಪೂರ್ವದಲ್ಲಿ ಒಂದು: 180° + 30° = 210°, 360° − 30° = 330°. ಒಟ್ಟು ಮೂರು ಉತ್ತರ, 90°, 210°, 330°. ಈ ಮೂರನ್ನೂ ಸರ್ಕಲ್ ಮೇಲೆ ಚುಕ್ಕೆ ಇಟ್ಟು ನೋಡಿ, ಒಂದಕ್ಕೊಂದು 120° ದೂರ, ಸಮಬಾಹು ತ್ರಿಕೋನ! ಹಾಗಾಗಿ ಜನರಲ್ ಸೊಲ್ಯೂಶನ್ (ಎಷ್ಟು ಸುತ್ತು ಹೊಡೆದ್ರೂ ಬರೋ ಎಲ್ಲ ಉತ್ತರ) ಕೇಳಿದ್ರೆ ಎರಡೆರಡು ಫಾರ್ಮುಲಾ ಬರೆಯೋ ಬದ್ಲು 90° + 120°ಎನ್ ಅಂತ ಒಂದೇ ಸಾಲಲ್ಲಿ ಮುಗಿಸ್ಬೋದು, ಎನ್ ಅಂದ್ರೆ ಯಾವುದೇ ಪೂರ್ಣಾಂಕ. ಚಿತ್ರ ಬರೆದಿಲ್ಲ ಅಂದ್ರೆ ಇದು ಕಣ್ಣಿಗೇ ಬೀಳಲ್ಲ.

ಕ್ಯಾನ್ಸಲ್ ಮಾಡೋ ಚಟ ಬಿಡಿ

ಸೈನ್ 2ಥೀಟಾ = ಕಾಸ್ ಥೀಟಾ. ಸೈನ್ 2ಥೀಟಾ ಅಂದ್ರೆ 2ಸಕ, ಹಾಗಾಗಿ

2ಸಕ = ಕ

ಇಲ್ಲಿ ಕೈ ತಾನಾಗೇ ಹೋಗಿ ಎರಡೂ ಕಡೆ ಕ ಹೊಡೆದು ಹಾಕುತ್ತೆ, 2ಸ = 1, ಸ = 1/2, 30° ಮತ್ತೆ 150°, ಮುಗೀತು. ಮುಗಿದಿಲ್ಲ. ಕ ಇಂದ ಭಾಗಿಸ್ಬೇಕು ಅಂದ್ರೆ ಕ ಸೊನ್ನೆ ಆಗಿರಬಾರದು, ಆದ್ರೆ ಆಗಿರಬೋದಲ್ವಾ, ಅದನ್ನ ಯಾರು ನೋಡಿದ್ರು? ಸರಿಯಾದ ದಾರಿ:

2ಸಕ − ಕ = 0
ಕ(2ಸ − 1) = 0

ಕ = 0 ಅಂದ್ರೆ ಪೂರ್ವಕ್ಕೂ ಇಲ್ಲ ಪಶ್ಚಿಮಕ್ಕೂ ಇಲ್ಲ, 90° ಮತ್ತೆ 270°. ಸ = 1/2 ಅಂದ್ರೆ 30° ಮತ್ತೆ 150°. ನಾಲ್ಕು ಉತ್ತರ. 90° ಹಾಕಿ ಚೆಕ್ ಮಾಡಿ, ಸೈನ್ 180° = 0, ಕಾಸ್ 90° = 0, ಕರೆಕ್ಟಾಗಿ ಕೂತ್ಕೋತು. ಕ್ಯಾನ್ಸಲ್ ಹೊಡೆದವರು ಕಳ್ಕೊಂಡಿದ್ದು ಎರಡು ಉತ್ತರ, ಬರಿ ಒಂದು ಗೀಟಿಂದ.

2, 5, √3 ಥರದ ನಂಬರ್ ಆದ್ರೆ ಧಾರಾಳವಾಗಿ ಭಾಗಿಸಿ. ಥೀಟಾ ಇರೋ ಯಾವುದರಿಂದಲೂ ಭಾಗಿಸ್ಬೇಡಿ, ಕಾಮನ್ ತೆಗೀರಿ.

ಸೈನೂ ಕಾಸೂ ಬೆರೆತಿದ್ರೆ

ಫ್ಯಾಕ್ಟರ್ ಆಗ್ಬೇಕು ಅಂದ್ರೆ ಸಾಮಾನ್ಯವಾಗಿ ಒಂದೇ ಫಂಕ್ಷನ್ ಇರಬೇಕು. ಸ² + ಕ² = 1 ಅನ್ನೋದು ಇಲ್ಲಿ ಕೆಲಸಕ್ಕೆ ಬರುತ್ತೆ. ಯಾವುದನ್ನ ಬದಲಾಯಿಸೋದು ಅಂತ ಕನ್ಫ್ಯೂಸ್ ಆದ್ರೆ, ಸ್ಕ್ವೇರ್ ಇಲ್ಲದೆ ಒಂಟಿಯಾಗಿ ಯಾವುದು ಕೂತಿದೆಯೋ ಅದನ್ನ ಹಾಗೇ ಬಿಡಿ, ಸ್ಕ್ವೇರ್ ಇರೋದನ್ನ ಬದಲಾಯಿಸಿ.

2ಕ² + 3ಸ = 0

ಸ ಒಂಟಿ, ಹಾಗಾಗಿ ಕ² ಜಾಗದಲ್ಲಿ 1 − ಸ².
2 − 2ಸ² + 3ಸ = 0
2ಸ² − 3ಸ − 2 = 0
(2ಸ + 1)(ಸ − 2) = 0

ಸ = −1/2 ಅಂದ್ರೆ 210°, 330°. ಸ = 2? ರೇಡಿಯಸ್ಸೇ 1 ಇರೋ ಸರ್ಕಲಲ್ಲಿ ಎರಡರಷ್ಟು ಉತ್ತರಕ್ಕೆ ಹೋಗೋದು ಹೇಗೆ ಗುರು, ರೋಡ್ ಬಿಟ್ಟು ಹೊಲಕ್ಕೆ ನುಗ್ಬೇಕು. ಅದನ್ನ ಬಿಟ್ಬಿಡಿ, ಆದ್ರೆ ಸುಮ್ನೆ ಹೊಡೆದು ಹಾಕ್ಬೇಡಿ, "ಸೈನ್ ಬೆಲೆ −1ರಿಂದ 1ರ ಒಳಗೇ ಇರಬೇಕು, ಹಾಗಾಗಿ ಸಾಧ್ಯವಿಲ್ಲ" ಅಂತ ಒಂದು ಸಾಲು ಬರೀರಿ. ವ್ಯಾಲ್ಯುಯೇಶನ್ ಮಾಡೋರಿಗೆ ನೀವು ಮರೆತು ಬಿಟ್ರೋ ಗೊತ್ತಿದ್ದು ಬಿಟ್ರೋ ಅಂತ ತಿಳಿಯೋದು ಆ ಸಾಲಿಂದಾನೇ. ಟ್ಯಾನ್‌ಗೆ ಮಾತ್ರ ಈ ಲಿಮಿಟ್ ಇಲ್ಲ, ಅದು 2 ಆಗ್ಬೋದು, 200 ಆಗ್ಬೋದು.

ಕೆಲವೊಮ್ಮೆ ಒಂದೇ ಫಂಕ್ಷನ್‌ಗೆ ತರೋಕೆ ಆಗಲ್ಲ, ಆದ್ರೂ ಫ್ಯಾಕ್ಟರ್ ಆಗುತ್ತೆ. ನಾಲ್ಕು ಟರ್ಮ್ ಕಂಡ್ರೆ ಎರಡೆರಡು ಗುಂಪು ಮಾಡಿ ನೋಡಿ.

4ಸಕ − 2ಸ + 2ಕ − 1 = 0
2ಸ(2ಕ − 1) + 1(2ಕ − 1) = 0
(2ಸ + 1)(2ಕ − 1) = 0

ಒಂದು ಬ್ರಾಕೆಟ್ಟಿಂದ 210°, 330°, ಇನ್ನೊಂದರಿಂದ 60°, 300°. ಇಷ್ಟೇ.

ಟ್ಯಾನ್ ಲೆಕ್ಕವೂ ಇದೇ ಥರ. ಟ³ = 3ಟ ಇದ್ರೆ ಟ(ಟ² − 3) = 0, ಟ = 0, √3, −√3. ಸೊನ್ನೆಗೆ 0°, 180°, √3ಗೆ 60°, 240°, −√3ಗೆ 120°, 300°. ಸಾಲಾಗಿ ಜೋಡಿಸಿದ್ರೆ 60°ಗೊಂದು ಚುಕ್ಕೆ, ಜನರಲ್ ಸೊಲ್ಯೂಶನ್ ಎನ್ × 60°. ಇಲ್ಲೂ ಟ ಕ್ಯಾನ್ಸಲ್ ಮಾಡಿದ್ರೆ 0° 180° ಎರಡೂ ಹೋಯ್ತು.

ಸ್ಕ್ವೇರ್ ಮಾಡಿದ್ರೆ ಕರೀದೇ ಇದ್ದೋರೂ ಬರ್ತಾರೆ

ಭಾಗಿಸಿದ್ರೆ ಉತ್ತರ ಕಳೆದುಹೋಗುತ್ತೆ, ಸ್ಕ್ವೇರ್ ಮಾಡಿದ್ರೆ ಇಲ್ಲದ ಉತ್ತರ ಬಂದು ಸೇರ್ಕೊಳ್ಳುತ್ತೆ. ಸ + ಕ = 1 ತಗೊಳ್ಳಿ. ಎರಡೂ ಕಡೆ ಸ್ಕ್ವೇರ್ ಮಾಡಿದ್ರೆ ಸ² + ಕ² + 2ಸಕ = 1, ಅಂದ್ರೆ 1 + 2ಸಕ = 1, ಅಂದ್ರೆ ಸಕ = 0. ಉತ್ತರ 0°, 90°, 180°, 270°. ಈಗ ಒರಿಜಿನಲ್ ಈಕ್ವೇಶನ್‌ಗೆ ಒಂದೊಂದೇ ಹಾಕಿ. 0°ಗೆ 0 + 1 = 1, ಸರಿ. 90°ಗೆ 1 + 0 = 1, ಸರಿ. 180°ಗೆ 0 − 1 = −1, ತಪ್ಪು. 270°ಗೆ −1 + 0 = −1, ತಪ್ಪು. ಯಾಕೆ ಹೀಗೆ ಅಂದ್ರೆ ಸ್ಕ್ವೇರ್ ಮಾಡಿದ ಮೇಲೆ ಸ + ಕ = 1 ಯಾವುದು, ಸ + ಕ = −1 ಯಾವುದು ಅಂತ ಗುರುತೇ ಇರಲ್ಲ, ಎರಡರ ಉತ್ತರವೂ ಒಟ್ಟಿಗೆ ಬರುತ್ತೆ. ಸ್ಕ್ವೇರ್ ಮಾಡಿದ್ರೆ ಚೆಕ್ ಮಾಡೋದು ಕಡ್ಡಾಯ.

ಛೇದದಲ್ಲಿ ಥೀಟಾ ಇದ್ರೂ ಇದೇ ಎಚ್ಚರಿಕೆ. ಸ ÷ (1 + ಕ) = 0 ಇದ್ದಾಗ ಸ = 0 ಅಂತ 0° ಮತ್ತೆ 180° ಬರುತ್ತೆ, ಆದ್ರೆ 180°ಗೆ 1 + ಕ ಸೊನ್ನೆ, ಹಾಗಾಗಿ 0° ಒಂದೇ ಉತ್ತರ.

2ಥೀಟಾ, 3ಥೀಟಾ ಬಂದಾಗ ಎಷ್ಟು ಸುತ್ತು

ಫ್ಯಾಕ್ಟರ್ ಎಲ್ಲ ಮಾಡಿ ಕೊನೆಗೆ ಸೈನ್ 2ಥೀಟಾ = 1/2 ಅಂತ ಬಂತು ಅಂದ್ಕೊಳ್ಳಿ. 2ಥೀಟಾ = 30°, 150°, ಅರ್ಧ ಮಾಡಿದ್ರೆ 15°, 75° ಅಂತ ನಿಲ್ಲಿಸ್ಬೇಡಿ. ಥೀಟಾ ಒಂದು ಸುತ್ತು ಹೊಡೆಯೋಷ್ಟರಲ್ಲಿ 2ಥೀಟಾ ಎರಡು ಸುತ್ತು ಹೊಡೆದಿರುತ್ತೆ. ಅದಕ್ಕೆ ಮೊದಲು ರೇಂಜ್ ಹಿಗ್ಗಿಸಿ, 0°ಯಿಂದ 720°. 2ಥೀಟಾ = 30°, 150°, 390°, 510°. ಇವನ್ನೆಲ್ಲ ಬರೆದಾದ ಮೇಲೆ ಭಾಗಿಸಿ: 15°, 75°, 195°, 255°. ಮೊದಲು ಭಾಗಿಸಿ ಆಮೇಲೆ 360° ಕೂಡಿಸೋಕೆ ಹೋದ್ರೆ ರೇಂಜ್ ಆಚೆ ಹೋಗುತ್ತೆ, ನಡುವಿನ ಎರಡು ಸಿಗೋದೇ ಇಲ್ಲ. 3ಥೀಟಾ ಇದ್ರೆ 1080° ತನಕ ಬರೀರಿ.

ಇದನ್ನೇ ಸ್ವಲ್ಪ ಖಾರವಾಗಿ ನೋಡೋಣ.

ಕಾಸ್ ಥೀಟಾ + ಕಾಸ್ 5ಥೀಟಾ = ಕಾಸ್ 3ಥೀಟಾ

ಎಡಗಡೆ ಎರಡು ಕಾಸ್ ಕೂಡಿಸಿರೋದನ್ನ ಗುಣಾಕಾರದ ರೂಪಕ್ಕೆ ತಂದ್ರೆ 2 ಕಾಸ್ 3ಥೀಟಾ ಕಾಸ್ 2ಥೀಟಾ. ಬಲಗಡೆದು ಎಡಕ್ಕೆ ತಂದು ಕಾಮನ್ ತೆಗೆದ್ರೆ

ಕಾಸ್ 3ಥೀಟಾ (2 ಕಾಸ್ 2ಥೀಟಾ − 1) = 0

ಕಾಸ್ 3ಥೀಟಾ = 0 ಆದ್ರೆ 3ಥೀಟಾ = 90°, 270°, 450°, 630°, 810°, 990°, ಅಂದ್ರೆ ಥೀಟಾ = 30°, 90°, 150°, 210°, 270°, 330°. ಕಾಸ್ 2ಥೀಟಾ = 1/2 ಆದ್ರೆ 2ಥೀಟಾ = 60°, 300°, 420°, 660°, ಅಂದ್ರೆ ಥೀಟಾ = 30°, 150°, 210°, 330°. ಒಟ್ಟು ಆರು ಪ್ಲಸ್ ನಾಲ್ಕು ಹತ್ತು ಉತ್ತರ ಅಂತ ಬರೆದ್ರೆ ಹೋಯ್ತು, ಯಾಕಂದ್ರೆ ಎರಡನೇ ಗುಂಪಿನ ನಾಲ್ಕೂ ಮೊದಲನೇ ಗುಂಪಲ್ಲೇ ಇವೆ. ಸರ್ಕಲಲ್ಲಿ ಚುಕ್ಕೆ ಇಟ್ಟೋರಿಗೆ ಚುಕ್ಕೆ ಮೇಲೆ ಚುಕ್ಕೆ ಬೀಳೋದು ಕಾಣುತ್ತೆ, ಆರೇ ಉತ್ತರ. "ಇಷ್ಟು ರೇಂಜಲ್ಲಿ ಎಷ್ಟು ಪರಿಹಾರಗಳಿವೆ" ಅಂತ ಕೇಳೋ ಪ್ರಶ್ನೆಗಳಲ್ಲಿ ಹತ್ತು ಅನ್ನೋದೂ ಒಂದು ಆಪ್ಶನ್ ಆಗಿ ಕೂತಿರುತ್ತೆ, ನೋಡ್ಕೊಳ್ಳಿ.

ಬೆಲೆ ಚೆನ್ನಾಗಿ ಬರದೇ ಇದ್ರೆ

6ಕ² + ಕ − 1 = 0 ತಗೊಂಡ್ರೆ (3ಕ − 1)(2ಕ + 1) = 0. ಕ = −1/2 ಸುಲಭ, 120°, 240°. ಕ = 1/3 ಯಾವ ಟೇಬಲಲ್ಲೂ ಇಲ್ಲ, ಕ್ಯಾಲ್ಕುಲೇಟರ್ ಅಥವಾ ಫೋನ್ ಬೇಕು, 70.53° ಅಂತ ತೋರಿಸುತ್ತೆ. ಅದು ಕೊಡೋದು ಒಂದೇ ಉತ್ತರ, ಇನ್ನೊಂದು ನೀವೇ ಸರ್ಕಲಿಂದ ತೆಗೀಬೇಕು: 360° − 70.53° = 289.47°. ಸೈನ್ ಇನ್ವರ್ಸ್ ಒತ್ತಿದ್ರೆ −90°ಯಿಂದ 90° ಒಳಗಿನದ್ದು ಮಾತ್ರ ಬರುತ್ತೆ, −1/2 ಕೊಟ್ರೆ −30° ಅನ್ನುತ್ತೆ, ಅದು 330° ಇರೋ ಜಾಗಾನೇ, 210° ಬಗ್ಗೆ ಅದು ಬಾಯೇ ಬಿಡಲ್ಲ. ಮತ್ತೆ ಒತ್ತೋ ಮುಂಚೆ ಡಿಗ್ರೀಲಿದೆಯಾ ರೇಡಿಯನ್ನಲ್ಲಿದೆಯಾ ನೋಡ್ಕೊಳ್ಳಿ. ಪರೀಕ್ಷೆ ಹಾಲಲ್ಲಿ ಇದ್ಯಾವುದೂ ಇರಲ್ಲ, ಅಲ್ಲಿ ಉತ್ತರವನ್ನ ಕಾಸ್ ಇನ್ವರ್ಸ್ 1/3 ಅಂತಲೇ ಬಿಟ್ರೆ ಸಾಕು.

ಜನರಲ್ ಸೊಲ್ಯೂಶನ್ ಫಾರ್ಮುಲಾಗಳೂ ಈ ಸರ್ಕಲಿಂದಾನೇ ಬಂದಿರೋದು. ಇವುಗಳಲ್ಲಿ ಪೈ ಅಂದ್ರೆ 180°, ಆಲ್ಫಾ ಅಂದ್ರೆ ನಿಮಗೆ ಮೊದಲು ಸಿಕ್ಕಿರೋ ಒಂದು ಕೋನ. ಕಾಸ್‌ಗೆ 2ಎನ್ ಪೈ ± ಆಲ್ಫಾ, ಅಂದ್ರೆ ಎಷ್ಟಾದ್ರೂ ಸುತ್ತು ಹೊಡೀರಿ, ಆಮೇಲೆ ಆಲ್ಫಾದಷ್ಟು ಮೇಲೆ ಅಥವಾ ಕೆಳಗೆ. ಟ್ಯಾನ್‌ಗೆ ಎನ್ ಪೈ + ಆಲ್ಫಾ, ಅರ್ಧ ಸುತ್ತಿಗೊಂದು. ಸೈನ್‌ಗೆ ಎನ್ ಪೈ ಆದ್ಮೇಲೆ ಬರೋ −1ರ ಘಾತ ಎನ್ ನೋಡಿ ಎಲ್ರೂ ಹೆದರ್ತಾರೆ, ಅದೂ ಅಷ್ಟೇ: ಎನ್ ಸಮಸಂಖ್ಯೆ ಆದ್ರೆ ಪೂರ್ವದ ಜಾಗದಿಂದ ಆಲ್ಫಾ ಕೂಡಿಸು, ಬೆಸ ಆದ್ರೆ ಪಶ್ಚಿಮದ ಜಾಗದಿಂದ ಆಲ್ಫಾ ಕಳಿ.

ಸಿಇಟಿ ಬರೆಯೋರಿಗೆ ಒಂದು ಮಾತು. ಮ್ಯಾಥ್ಸ್ 60 ಪ್ರಶ್ನೆ, 80 ನಿಮಿಷ, ಒಂದಕ್ಕೆ 80 ಸೆಕೆಂಡು. ಅಲ್ಲಿ ಆಪ್ಶನ್ ತಗೊಂಡು ಈಕ್ವೇಶನ್‌ಗೆ ಹಾಕಿ ನೋಡೋದು ಎಷ್ಟೋ ಸಲ ಬೇಗ ಆಗುತ್ತೆ. ಆದ್ರೆ ಎಷ್ಟು ಪರಿಹಾರ ಅಂತ ಎಣಿಕೆ ಕೇಳಿದ್ರೆ ಆ ಐಡಿಯಾ ನಡೆಯಲ್ಲ, ರಫ್ ಶೀಟಲ್ಲಿ ಸಣ್ಣದೊಂದು ಸರ್ಕಲ್ ಬರೀಲೇಬೇಕು. ದೊಡ್ಡದಾಗಿ ಕಂಪಾಸ್ ಇಟ್ಟು ಬರೀಬೇಕಾಗಿಲ್ಲ, ರೂಪಾಯಿ ಕಾಯಿನ್ನಷ್ಟು ಸೊಟ್ಟಗಿದ್ರೂ ನಡೆಯುತ್ತೆ.

ಈಗ ನೀವೇ ಮಾಡಿ ನೋಡಿ, ಉತ್ತರ ಪಕ್ಕದಲ್ಲೇ ಇದೆ, ಕೈಯಲ್ಲಿ ಮುಚ್ಕೊಳ್ಳಿ.

ಸ × ಟ = ಸ (0°, 45°, 180°, 225°)
ಕಾಸ್ 2ಥೀಟಾ = ಸ (30°, 150°, 270°)
ಟ² − (1 + √3)ಟ + √3 = 0 (45°, 60°, 225°, 240°)
2ಸ² + 5ಕ + 1 = 0 (120°, 240°)

ಎರಡನೇದಕ್ಕೆ ಕಾಸ್ 2ಥೀಟಾ ಬದ್ಲು 1 − 2ಸ² ಹಾಕಿ, ಬೇರೆ ರೂಪ ಹಾಕಿದ್ರೆ ಸುಮ್ನೆ ಸುತ್ತಾಡ್ತೀರಿ. ಕೊನೇದರಲ್ಲಿ ಕ = 3 ಅಂತ ಒಂದು ಬರುತ್ತೆ, ಅದನ್ನ ಏನು ಮಾಡ್ಬೇಕು ಅಂತ ಆಗ್ಲೇ ಹೇಳಿದೀನಿ, ಆ ಒಂದು ಸಾಲು ಬರೆಯೋದು ಮರೀಬೇಡಿ.